ಇಲಿಯ ಬೆನ್ನಿನ ಲೆಕ್ಕ

ಬೆನ್ನ ಕೂದಲು ತೆಗೆದ ಮೇಲೆ ಎರಡು ದಿನ ಸುಮ್ಮನೆ ಕಾಯಬೇಕು. ಇಲಿಗೆ ಆಗ ಏಳು ವಾರದ ಪ್ರಾಯ. ಕೂದಲು ಕತ್ತರಿಸುವ ಸಣ್ಣ ಮಿಷನ್ ಓಡಿಸಿ, ಚರ್ಮಕ್ಕೆ ಒಂದು ಗೀರೂ ಬೀಳದ ಹಾಗೆ, ಭುಜದಿಂದ ಬಾಲದ ಬುಡದ ತನಕ ನುಣ್ಣಗೆ ಮಾಡಿರುತ್ತಾರೆ. ಎರಡು ದಿನ ಕಳೆದು ದೀಪದ ಕೆಳಗೆ ಹಿಡಿದು ನೋಡುತ್ತಾರೆ. ಬೋಳು ಜಾಗದಲ್ಲಿ ಹೊಸ ಕೂದಲು ಮುಳ್ಳುಮುಳ್ಳಾಗಿ ಏಳುತ್ತಿದ್ದರೆ ಆ ಇಲಿ ಪ್ರಯೋಗದಿಂದ ಹೊರಗೆ. ಬೋಳು ಬೋಳಾಗಿಯೇ ಇದ್ದರೆ ಒಳಗೆ. ಒಂದು ತೊಟ್ಟು ರಾಸಾಯನಿಕ ಇನ್ನೂ ಬಿದ್ದಿಲ್ಲ, ಆದರೆ ಕಸುಬುದಾರನ ಕೈ ಗೊತ್ತಾಗುವುದು ಇಲ್ಲೇ.

ಇದಕ್ಕೆ ಕಾರಣವಿದೆ. ನಮ್ಮ ತಲೆಯ ಒಂದೊಂದು ಕೂದಲೂ ತನ್ನ ಪಾಡಿಗೆ ತಾನು ಬೆಳೆದು, ದಣಿದು, ಉದುರುತ್ತದೆ. ಪಕ್ಕದ ಕೂದಲಿನ ಗೊಡವೆ ಅದಕ್ಕಿಲ್ಲ. ಎಳೆಯ ಇಲಿಯ ಬೆನ್ನು ಹಾಗಲ್ಲ. ಒಂದೇ ದಿನ ನಾಟಿ ಮಾಡಿದ ಗದ್ದೆಯ ಹಾಗೆ ಅಲ್ಲಿ ಕೂದಲೆಲ್ಲ ಒಟ್ಟಿಗೆ ಬೆಳೆಯುತ್ತದೆ, ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಏಳನೆಯ ವಾರದ ಹೊತ್ತಿಗೆ ಹಿಡಿಯುವ ವಿಶ್ರಾಂತಿ ಸುಮಾರು ಹನ್ನೆರಡನೆಯ ವಾರದವರೆಗೂ ಇರುತ್ತದೆ. ಕೂದಲು ಬೆಳೆಯುವಾಗ ಚರ್ಮ ದಪ್ಪವಾಗುತ್ತದೆ, ಅದರೊಳಗಿನ ಜೀವಕೋಶಗಳು ಭರದಿಂದ ಒಡೆದು ಎರಡಾಗುತ್ತಿರುತ್ತವೆ. ಅಂಥ ಚರ್ಮದ ಮೇಲೆ ಬಿದ್ದ ಹನಿ ಮಾಡುವ ಕೆಲಸ ಬೇರೆ, ಮಲಗಿರುವ ಚರ್ಮದ ಮೇಲೆ ಬಿದ್ದದ್ದು ಮಾಡುವ ಕೆಲಸ ಬೇರೆ. ಮೂವತ್ತು ಇಲಿಗಳಲ್ಲಿ ಹತ್ತು ಎದ್ದಿದ್ದು ಇಪ್ಪತ್ತು ಮಲಗಿದ್ದರೆ ಕೊನೆಗೆ ಬರುವ ಲೆಕ್ಕ ರಾಸಾಯನಿಕದ್ದೋ ಕೂದಲಿನದ್ದೋ ಹೇಳಲಾಗದು. ಅದಕ್ಕೇ ಆ ಎರಡು ದಿನ.

ಒಂದು ರಾಸಾಯನಿಕ ಚರ್ಮಕ್ಕೆ ತಾಗುತ್ತಾ ಹೋದರೆ ಕ್ಯಾನ್ಸರ್ ತರುತ್ತದೆಯೇ ಎಂದು ಕೇಳುವ ವಿಧಾನ ಇದು. ಪ್ರಯೋಗಾಲಯದವರ ಬಾಯಲ್ಲಿ ಇದಕ್ಕೆ ಯಾವ ಗತ್ತೂ ಇಲ್ಲ, ಬರೀ ‘ಪೇಂಟಿಂಗ್’. ನಿಜಕ್ಕೂ ಮೊದಮೊದಲು ಒಂಟೆ ಕೂದಲಿನ ಕುಂಚದಲ್ಲೇ ಬಳಿಯುತ್ತಿದ್ದರು. ಈಗ ಅಳತೆ ಮಾಡಿ ಹನಿಸುವ ಪಿಪೆಟ್ ಬಂದಿದೆ, ಹೆಸರು ಹಾಗೇ ಉಳಿದಿದೆ.

ಕ್ಯಾನ್ಸರ್‌ಗೂ ಚರ್ಮಕ್ಕೆ ಅಂಟಿದ ಕೊಳೆಗೂ ಸಂಬಂಧವಿದೆ ಎಂಬ ಗುಮಾನಿ ಹಳೆಯದು. 1775ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣದ ಚರ್ಮದಲ್ಲಿ ಏಳುವ ಹುಣ್ಣಿನ ಬಗ್ಗೆ ಬರೆದ. ಚಿಕ್ಕ ಹುಡುಗರನ್ನು ಇಕ್ಕಟ್ಟಾದ ಹೊಗೆಗೂಡಿನೊಳಕ್ಕೆ ಹತ್ತಿಸುತ್ತಿದ್ದ ಕಾಲ. ಚರ್ಮದ ಸುಕ್ಕುಗಳಲ್ಲಿ ಕೂತ ಮಸಿಯೇ ಇದಕ್ಕೆ ಮೂಲ ಎಂದು ಪಾಟ್ ಊಹಿಸಿದ. ಸೌದೆ ಒಲೆಯ ಅಡುಗೆಮನೆಯ ಜಂತೆಗೆ ಹಿಡಿಯುವ ಇಲ್ಲಣವನ್ನು ಕಂಡವರಿಗೆ ಆ ಮಸಿ ಎಂಥ ಜಿಗುಟು ಎಂದು ಬೇರೆ ಹೇಳಬೇಕಿಲ್ಲ. ಆದರೆ ಊಹೆಯಿಂದ ರುಜುವಾತಿನ ತನಕ ಹೋಗಲು 140 ವರ್ಷ ಹಿಡಿಯಿತು. ಎಷ್ಟೋ ಜನ ನಾಯಿ, ಮೊಲ, ಇಲಿಗಳ ಮೇಲೆ ಡಾಂಬರು ಬಳಿದು ನೋಡಿದರು. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬಳಿದು, ಏನೂ ಆಗಲಿಲ್ಲವೆಂದು ಕೈಬಿಟ್ಟರು.

ಕೈಬಿಡದವನು ಟೋಕಿಯೋದ ಕತ್ಸುಸಾಬುರೊ ಯಾಮಾಗಿವಾ. ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಖೋನ ಬಳಿ ಕಲಿತು ಬಂದವನು, ಕ್ಷಯ ಹಿಡಿದ ದೇಹ. ಅವನ ಜೊತೆಗೆ ಪಶುವೈದ್ಯ ಓದಿದ ಕೊಯಿಚಿ ಇಚಿಕಾವಾ. ಮೊಲದ ಕಿವಿಯ ಒಳಮೈಗೆ ಕಲ್ಲಿದ್ದಲ ಡಾಂಬರನ್ನು ಎರಡು ಮೂರು ದಿನಕ್ಕೊಮ್ಮೆ ಬಳಿಯುವುದು, ಬರೆದಿಡುವುದು, ಮತ್ತೆ ಬಳಿಯುವುದು. ಮೊದಲು ಕಿವಿ ಕೆಂಪಾಯಿತು, ಆಮೇಲೆ ನರಹುಲಿಯಂಥ ಗಂಟುಗಳೆದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಅವರ ಹೆಸರೂ ಹಿಂದಿನವರ ಪಟ್ಟಿಗೆ ಸೇರುತ್ತಿತ್ತು. ಬಳಿಯುತ್ತಲೇ ಹೋದರು. ಗಂಟು ಬುಡದಲ್ಲಿ ಗಟ್ಟಿಯಾಗಿ, ಕಿವಿಯ ಆಳಕ್ಕೆ ಇಳಿದು, ಕೆಲವು ಮೊಲಗಳಲ್ಲಿ ಪಕ್ಕಾ ಕ್ಯಾನ್ಸರ್ ಆಯಿತು. 1915ರಲ್ಲಿ ವರದಿ ಹೊರಬಂತು. ಅವರ ಬಳಿ ಇದ್ದ ಡಾಂಬರು ಹಿಂದಿನವರ ಡಾಂಬರಿಗಿಂತ ಬೇರೆಯಾಗಿರಲಿಲ್ಲ. ಕ್ಯಾಲೆಂಡರ್ ಮಾತ್ರ ಉದ್ದವಿತ್ತು.

(1926ರ ನೊಬೆಲ್ ಪ್ರಶಸ್ತಿ ಈ ವಿಷಯಕ್ಕೇ ಬಂತು, ಆದರೆ ಯಾಮಾಗಿವಾಗೆ ಬರಲಿಲ್ಲ. ಹೆಗ್ಗಣಗಳ ಹೊಟ್ಟೆಯಲ್ಲಿ ಒಂದು ಹುಳು ಕ್ಯಾನ್ಸರ್ ತರುತ್ತದೆ ಎಂದಿದ್ದ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗೆರ್‌ಗೆ ಹೋಯಿತು. ಹುಳುವಿನ ಕಥೆ ಆಮೇಲೆ ಬಿದ್ದುಹೋಯಿತು, ಡಾಂಬರಿನ ಕಥೆ ಉಳಿಯಿತು.)

ಮೊಲದಿಂದ ಇಲಿಗೆ ಬಂದದ್ದು 1918ರಲ್ಲಿ, ಜಪಾನಿನವನೇ ಆದ ತ್ಸುತ್ಸುಯಿಯ ಕೈಯಲ್ಲಿ. ಇಲಿ ಅಗ್ಗ, ಅಂಗೈಯಲ್ಲಿ ಹಿಡಿಸುತ್ತದೆ, ಒಂದು ಶೆಲ್ಫಿನಲ್ಲಿ ನೂರು ಸಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಅದರ ಆಯುಷ್ಯವೇ ಎರಡು ಎರಡೂವರೆ ವರ್ಷ. ಮನುಷ್ಯನ ಇಡೀ ಬದುಕಿನಲ್ಲಿ ಮಾತ್ರ ಕಾಣುವ ಕಾಯಿಲೆಯನ್ನು ಒಬ್ಬ ಸಂಶೋಧಕ ತನ್ನ ಕೆಲಸದ ಅವಧಿಯಲ್ಲೇ ಶುರುವಿನಿಂದ ಕೊನೆಯವರೆಗೆ ನೋಡಿ ಮುಗಿಸಬಹುದು.

ಮುಂದಿನ ಪ್ರಶ್ನೆ: ಡಾಂಬರಿನಲ್ಲಿ ನೂರಾರು ವಸ್ತುಗಳಿವೆ, ಕಳ್ಳ ಯಾವುದು? ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯಲ್ಲಿ ಅರ್ನೆಸ್ಟ್ ಕೆನ್ನವೇ ಮತ್ತು ಅವನ ಸಂಗಡಿಗರು ಇದರ ಬೆನ್ನು ಹತ್ತಿದರು. ಕ್ಯಾನ್ಸರ್ ತರುವ ಡಾಂಬರುಗಳ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ 400, 418, 440 ನ್ಯಾನೊಮೀಟರ್ ಅಲೆಯುದ್ದದಲ್ಲಿ ಮೂರು ಪಟ್ಟೆ ಮಿನುಗುತ್ತಿದ್ದವು. ಆ ಮಿನುಗೇ ಜಾಡು. 1930ರ ಹೊತ್ತಿಗೆ ಡೈಬೆಂಜಾಂತ್ರಸೀನ್ ಎಂಬ ಶುದ್ಧ ವಸ್ತುವೊಂದು ಒಂಟಿಯಾಗಿಯೇ ಇಲಿಗೆ ಕ್ಯಾನ್ಸರ್ ತರಬಲ್ಲದು ಎಂದು ತೋರಿಸಿದರು. ಆದರೆ ಡಾಂಬರಿನೊಳಗೆ ಕೂತಿದ್ದದ್ದು ಅದಲ್ಲ. ಗ್ಯಾಸ್ ಕಾರ್ಖಾನೆಯಿಂದ ಎರಡು ಟನ್ ಡಾಂಬರಿನ ಗಷ್ಟು ತರಿಸಿ, ಬಟ್ಟಿ ಇಳಿಸಿ, ಸೋಸಿ, ಹರಳುಗಟ್ಟಿಸಿ, ಪ್ರತಿ ಹಂತದ ಪಾಲನ್ನೂ ಇಲಿಗಳ ಬೆನ್ನಿಗೆ ಬಳಿದು, ಯಾವ ಪಾಲಿನಲ್ಲಿ ವಿಷ ಉಳಿದಿದೆ ಎಂದು ನೋಡುತ್ತಾ ಹೋದರು. 1933ರಲ್ಲಿ ಕೊನೆಗೆ ಕೈಗೆ ಸಿಕ್ಕ ಹಳದಿ ಹರಳಿನ ಹೆಸರು ಬೆಂಜೊಪೈರೀನ್. ಇಂದು ಸಿಗರೇಟಿನ ಹೊಗೆ, ಸುಟ್ಟ ಮಾಂಸ, ಡೀಸೆಲ್ ಮಸಿ ಎಂದು ಓದುವಾಗಲೆಲ್ಲ ಎದುರಾಗುವ ಹೆಸರು ಅದೇ. ರಸಾಯನಶಾಸ್ತ್ರದವರ ತಕ್ಕಡಿ ಆ ಹರಳನ್ನು ತೂಗಬಲ್ಲದಾಗಿತ್ತು. ಅದರ ಕೇಡನ್ನು ತೂಗಲು ಇದ್ದ ತಕ್ಕಡಿ ಇಲಿಯ ಬೆನ್ನು ಒಂದೇ.

ಈ ಕಸುಬು ನಿಜಕ್ಕೂ ಸೂಕ್ಷ್ಮವಾದದ್ದು ಇನ್ನೊಂದು ಎಣ್ಣೆಯಿಂದ. ನಮ್ಮವರಿಗೆ ಅದು ಹೊಸದಲ್ಲ. ಜಾಪಾಳದ ಬೀಜ ಎಂದರೆ ನಮ್ಮ ಹಿಂದಿನ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. ಒಂದು ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಏನೂ ಉಳಿಯದು. ಜಮಾಲಗೋಟ ಎಂದರೂ ಅದೇ. ಆ ಬೀಜದ ಎಣ್ಣೆ ಚರ್ಮಕ್ಕೆ ತಾಗಿದರೆ ಉರಿದು ಬೊಕ್ಕೆ ಬರುತ್ತದೆ. 1940ರ ದಶಕದ ಶುರುವಿನಲ್ಲಿ ಆಕ್ಸ್‌ಫರ್ಡಿನ ಐಸಾಕ್ ಬೆರೆನ್‌ಬ್ಲಮ್ ಇದನ್ನೇ ಇಲಿಗಳಿಗೆ ಹಚ್ಚಿ ನೋಡಿದ. ಬರೀ ಜಾಪಾಳದೆಣ್ಣೆ ಹಚ್ಚಿದರೆ ಗಂಟು ಬರುವುದು ತೀರ ಅಪರೂಪ. ಬೆಂಜೊಪೈರೀನ್ ಜೊತೆಗೆ ಹಚ್ಚಿದರೆ ಗಂಟುಗಳು ಬೇಗ ಬೇಗ, ರಾಶಿ ರಾಶಿ. 1944ರಲ್ಲಿ ಮಾಟ್ರಮ್ ಎಂಬವನು ಬೆಂಜೊಪೈರೀನನ್ನು ಒಂದೇ ಸಲ ಹಚ್ಚಿ ಆಮೇಲೆ ಬರೀ ಜಾಪಾಳದೆಣ್ಣೆ ಹಚ್ಚಿದ. ಆಗಲೂ ಗಂಟುಗಳು ಎದ್ದವು. 1947ರಲ್ಲಿ ಬೆರೆನ್‌ಬ್ಲಮ್ ಮತ್ತು ಫಿಲಿಪ್ ಶುಬಿಕ್ ಇದನ್ನು ಕ್ರಮವಾಗಿ ಜೋಡಿಸಿಟ್ಟರು. ಆ ಜೋಡಣೆಯಷ್ಟು ಚೆಂದದ ಪ್ರಯೋಗ ಜೀವಶಾಸ್ತ್ರದಲ್ಲಿ ಹೆಚ್ಚಿಲ್ಲ ಎಂದು ನನಗೆ ಅನಿಸುತ್ತದೆ.

ಎರಡು ರಾಸಾಯನಿಕ. ಒಂದನ್ನು ಬಿತ್ತುವುದು ಎನ್ನೋಣ, ಇನ್ನೊಂದನ್ನು ಬೆಳೆಸುವುದು. ಬಿತ್ತುವುದನ್ನು ಒಂದೇ ಸಲ, ಅದೂ ತಾನಾಗಿ ಕ್ಯಾನ್ಸರ್ ತರಲಾರದಷ್ಟು ಕಡಿಮೆ ಹಾಕಿ ಬಿಟ್ಟುಬಿಟ್ಟರೆ ಇಲಿಗೆ ಏನೂ ಆಗದು. ಬೆಳೆಸುವುದನ್ನು ಮಾತ್ರ ತಿಂಗಳುಗಟ್ಟಲೆ ಹಾಕಿದರೂ ಹೆಚ್ಚೇನೂ ಆಗದು. ಮೊದಲು ಬಿತ್ತಿ ಆಮೇಲೆ ಬೆಳೆಸಿದರೆ ಬೆನ್ನ ತುಂಬ ಗಂಟು. ಕ್ರಮ ತಿರುವಿ, ಮೊದಲು ಬೆಳೆಸುವುದು ಹಾಕಿ ಆಮೇಲೆ ಬಿತ್ತಿದರೆ ಮತ್ತೆ ಏನೂ ಇಲ್ಲ. ವಸ್ತುಗಳು ಅವೇ, ಪ್ರಮಾಣ ಅದೇ, ಹಿಂದುಮುಂದಾದದ್ದು ಅಷ್ಟೇ. ಇನ್ನೂ ಇದೆ. ಬಿತ್ತಿದ ಮೇಲೆ ಒಂದು ವರ್ಷ ಸುಮ್ಮನಿದ್ದು ಆಮೇಲೆ ಬೆಳೆಸಲು ಶುರುಮಾಡಿದರೂ ಗಂಟು ಏಳುತ್ತದೆ, ಚರ್ಮ ಮರೆತಿರುವುದಿಲ್ಲ. ಆದರೆ ಬೆಳೆಸುವ ಹನಿಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋದರೆ ಗಂಟು ಏಳುವುದೇ ನಿಂತುಹೋಗುತ್ತದೆ. ಅದನ್ನು ಚರ್ಮ ಮರೆಯುತ್ತದೆ. ಒಂದು ಅಳಿಸಲಾಗದ ಗುರುತು, ಇನ್ನೊಂದು ಪದೇ ಪದೇ ಕೊಡಬೇಕಾದ ಕುಮ್ಮಕ್ಕು. ಜೀನಿನಲ್ಲಿ ಬದಲಾಗುವುದು ಏನೆಂದು ಗೊತ್ತಾಗುವ ಮೊದಲೇ, ಬರೀ ಹನಿಗಳ ವೇಳಾಪಟ್ಟಿ ಬದಲಿಸಿ ಇಷ್ಟನ್ನು ಕಂಡುಕೊಂಡಿದ್ದರು.

ಬೀಜ–ಮಳೆಯ ಹೋಲಿಕೆ ಇಲ್ಲಿ ಮುಕ್ಕಾಲು ದೂರ ನಡೆಯುತ್ತದೆ. ಒಂದು ಕಡೆ ಮಾತ್ರ ಎಡವುತ್ತದೆ: ಮಳೆ ನಿಂತರೆ ಗಿಡ ಒಣಗುತ್ತದೆ, ಇಲ್ಲಿ ಬೆಳೆಸುವುದನ್ನು ನಿಲ್ಲಿಸಿದ ಮೇಲೆ ಹಲವು ಗಂಟು ಮುದುರಿಹೋದರೂ ಕೆಲವು ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯುತ್ತವೆ. ಭಯಪಡಬೇಕಾದದ್ದು ಆ ಕೆಲವಕ್ಕೆ.

ಜಾಪಾಳದೆಣ್ಣೆಯೊಳಗಿನ ಚುರುಕು ವಸ್ತುವನ್ನು 1960ರ ದಶಕದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎರಿಕ್ ಹೆಕರ್, ನ್ಯೂಯಾರ್ಕಿನಲ್ಲಿ ಬೆಂಜಮಿನ್ ವ್ಯಾನ್ ಡ್ಯೂರೆನ್ ಬಿಡಿಸಿ ತೆಗೆದರು. ಪೂರ್ತಿ ಹೆಸರು ಉಸಿರು ಕಟ್ಟಿಸುವಷ್ಟು ಉದ್ದ, ಎಲ್ಲರೂ ಕರೆಯುವುದು ಟಿಪಿಎ ಎಂದು. ಜೀವಕೋಶದೊಳಗೆ ‘ಬೆಳೆ’ ಎಂಬ ಸುದ್ದಿ ಮುಟ್ಟಿಸುವ ಒಂದು ಕಿಣ್ವವನ್ನು ಅದು ಹಿಡಿದು ಎಬ್ಬಿಸುತ್ತದೆ ಎಂದು 1982ರಲ್ಲಿ ಜಪಾನಿನ ಕೋಬೆಯ ನಿಶಿಜುಕಾ ಮತ್ತು ಜೊತೆಗಾರರು ತೋರಿಸಿದರು. ಬಿತ್ತುವ ಕಡೆಯ ಗುಟ್ಟು 1986ರಲ್ಲಿ ಗ್ಲಾಸ್ಗೋದಿಂದ ಬಂತು. ಬಿತ್ತಲು ಹೆಚ್ಚಾಗಿ ಬಳಸುವ ಡಿಎಂಬಿಎ ಎಂಬ ವಸ್ತು, ರಾಸ್ ಎಂಬ ಜೀನಿನ 61ನೆಯ ಪದದಲ್ಲಿ ಒಂದೇ ಒಂದು ಅಕ್ಷರವನ್ನು ಬದಲಿಸಿರುತ್ತದೆ. ಒಂದು ಇಲಿಯಲ್ಲಿ ಎರಡು ಇಲಿಯಲ್ಲಿ ಅಂತಲ್ಲ, ಬಹುಪಾಲು ಗಂಟುಗಳಲ್ಲಿ ಅದೇ ಪದ, ಅದೇ ಅಕ್ಷರ. ಚರ್ಮ ಒಂದು ವರ್ಷ ನೆನಪಿಟ್ಟುಕೊಂಡದ್ದು ಆ ಕಾಗುಣಿತದ ತಪ್ಪನ್ನು.

ಈಗ ಕೈಕೆಲಸಕ್ಕೆ ಬರೋಣ.

ಡಿಎಂಬಿಎ ಬೆಳಕಿಗೆ ಕೆಡುತ್ತದೆ, ಅದಕ್ಕೆ ಕೋಣೆಯಲ್ಲಿ ಹಳದಿ ದೀಪ. ಬಳಿಯುವವರ ಕೈಗೆ ಎರಡು ಜೊತೆ ಕೈಗವಸು, ಎದುರಿಗೆ ಗಾಳಿ ಹೀರುವ ಗೂಡು. ಇಲಿಗೆ ಕ್ಯಾನ್ಸರ್ ತರುವ ವಸ್ತು ಬಳಿಯುವವರಿಗೂ ದಯೆ ತೋರಿಸುವುದಿಲ್ಲ. 25 ಮೈಕ್ರೊಗ್ರಾಂ ಡಿಎಂಬಿಎ ಸಾಕು. ಸಕ್ಕರೆಯ ಒಂದು ಹರಳನ್ನು ಇಪ್ಪತ್ತು ಪಾಲು ಮಾಡಿದರೆ ಹೆಚ್ಚುಕಡಿಮೆ ಒಂದು ಪಾಲು. ಅದನ್ನು 200 ಮೈಕ್ರೊಲೀಟರ್, ಅಂದರೆ ನಾಲ್ಕು ಹನಿಯಷ್ಟು ಅಸಿಟೋನಿನಲ್ಲಿ ಕರಗಿಸಿರುತ್ತಾರೆ. ಉಗುರುಬಣ್ಣ ಅಳಿಸುವ ದ್ರವದ ವಾಸನೆ ಬರುತ್ತದಲ್ಲ, ಅದೇ ಅಸಿಟೋನು. ಎಣ್ಣೆಯಲ್ಲಿ ಕರಗಿಸಿದರೆ ಹನಿ ಜಾರಿ ಹೊಟ್ಟೆಗೆ ಇಳಿಯುತ್ತದೆ, ಇಲಿ ನೆಕ್ಕುತ್ತದೆ. ಅಸಿಟೋನು ಕ್ಷಣದಲ್ಲಿ ಆರಿ, ತಂದ ಹೊರೆಯನ್ನು ಚರ್ಮದ ಮೇಲೆ ಇಳಿಸಿ ಹೋಗುತ್ತದೆ.

ಇಲಿಯನ್ನು ಹಿಸುಕಿ ಹಿಡಿಯುವುದು ಹೊಸಬರ ಪದ್ಧತಿ. ಪಳಗಿದವರು ಬಾಲದ ಬುಡ ಹಿಡಿದೆತ್ತಿ ಪಂಜರದ ಸರಳಿನ ಮುಚ್ಚಳದ ಮೇಲೆ ಬಿಡುತ್ತಾರೆ. ಇಲಿ ಮುಂಗಾಲಿನಲ್ಲಿ ಸರಳು ಹಿಡಿದು ಮುಂದಕ್ಕೆ ಎಳೆಯುತ್ತದೆ, ಬೆನ್ನು ತಾನಾಗಿ ಬಿಗಿಯಾಗಿ ಹರಡುತ್ತದೆ. ಆ ಎರಡು ಸೆಕೆಂಡಿನಲ್ಲಿ ಹನಿ ಬೀಳಬೇಕು, ಭುಜಗಳ ನಡುವಿನಿಂದ ಹಿಂದಕ್ಕೆ, ಒಂದೇ ಹದದಲ್ಲಿ. ಒಂದು ವಾರ ಬಿಟ್ಟು ಟಿಪಿಎ ಶುರು. ವಾರಕ್ಕೆ ಎರಡು ಸಲ, ಇಪ್ಪತ್ತು ವಾರ. ಸೋಮವಾರ–ಗುರುವಾರ ಎಂದು ಗೊತ್ತುಮಾಡಿಕೊಂಡರೆ ಹಬ್ಬ ಬಂದರೂ ಸೋಮವಾರ ಸೋಮವಾರವೇ. ಹನಿಗಳ ಅಂತರ ಹಿಗ್ಗಿದರೆ ಏನಾಗುತ್ತದೆಂದು ಹಿಂದಿನ ಇಲಿಗಳು ಆಗಲೇ ಹೇಳಿಟ್ಟಿವೆ.

ಗಂಡು ಇಲಿಗಳನ್ನು ಒಟ್ಟಿಗೆ ಇಡುವ ಹಾಗಿಲ್ಲ. ಅವು ಕಚ್ಚಾಡುತ್ತವೆ, ಕಚ್ಚಿದ ಗಾಯ ಮಾಯುವಾಗ ಚರ್ಮ ಬೆಳೆಯುತ್ತದೆ, ಬೆಳೆಯುವ ಚರ್ಮದಲ್ಲಿ ಬಿತ್ತಿದ್ದು ಮೊಳೆಯುತ್ತದೆ. ಗಾಯವೇ ಟಿಪಿಎ ಮಾಡುವ ಕೆಲಸ ಮಾಡಿಬಿಡುತ್ತದೆ. ಕೂದಲು ಕತ್ತರಿಸುವಾಗ ಗೀರು ಬೀಳಬಾರದು ಎಂದದ್ದೂ ಇದಕ್ಕೇ. ಮೊಂಡು ಮಿಷನ್ನಿನಿಂದ, ಪಂಜರದೊಳಗಿನ ಜಗಳದಿಂದ ಕ್ಯಾನ್ಸರ್ ಬಂದು ಅದರ ದೂರು ರಾಸಾಯನಿಕದ ತಲೆಗೆ ಕಟ್ಟಬಾರದು.

ಆರೇಳು ವಾರ ಏನೂ ಕಾಣುವುದಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳ ತಾಳ್ಮೆ ಪರೀಕ್ಷೆಯಾಗುವುದು ಈ ಕಾಲದಲ್ಲಿ. ಆಮೇಲೊಂದು ದಿನ ಬೆರಳಿಗೆ ರವೆಯ ಕಾಳಿನಂಥದ್ದು ಸಿಗುತ್ತದೆ. ನೋಡುವುದಕ್ಕಿಂತ ಮುಂಚೆ ಮುಟ್ಟಿ ತಿಳಿಯುವುದು ಈ ಕೆಲಸದಲ್ಲಿ ಹೆಚ್ಚು. ಎಣಿಕೆಗೆ ಕಟ್ಟುನಿಟ್ಟಿನ ನಿಯಮವಿದೆ: ಒಂದು ಮಿಲಿಮೀಟರ್‌ಗಿಂತ ದೊಡ್ಡದಾಗಿರಬೇಕು, ಮುಂದಿನ ವಾರವೂ ಅಲ್ಲೇ ಇರಬೇಕು. ಇಲಿ ಕೆರೆದು ಉದುರಿಸಿದ್ದು, ತಾನಾಗಿ ಮುದುರಿದ್ದು ಎಲ್ಲವೂ ದಾಖಲೆಗೆ ಬರಬೇಕು. ಇಲಿಯ ಬೆನ್ನಿನ ಆಕಾರ ಅಚ್ಚು ಹಾಕಿದ ಹಾಳೆಯ ಮೇಲೆ ವಾರ ವಾರ ಚುಕ್ಕೆ ಇಡುತ್ತಾರೆ. ಹಳೆಯ ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಬರಿಯ ಬೆನ್ನಿನ ಮೇಲೆ ಚುಕ್ಕೆಗಳು ಹುಟ್ಟಿ, ಅಲ್ಲೊಂದು ಅಳಿಸಿ, ಇಲ್ಲೊಂದು ದಪ್ಪಗಾಗುವುದು ಕಾಣುತ್ತದೆ. ರಂಗೋಲಿಯ ಎಳೆಗಳನ್ನು ಯಾರೋ ತಡವಾಗಿ ಸೇರಿಸಲಿದ್ದಾರೆ ಎಂಬ ಹಾಗೆ. ಲೆಕ್ಕ ಎರಡು ಬೇಕು: ನೂರರಲ್ಲಿ ಎಷ್ಟು ಇಲಿಗೆ ಬಂತು, ಒಂದು ಇಲಿಗೆ ಸರಾಸರಿ ಎಷ್ಟು ಬಂತು. ಎಣಿಸುವವರಿಗೆ ಯಾವ ಪಂಜರಕ್ಕೆ ಯಾವ ಮದ್ದು ಎಂದು ಹೇಳದಿರುವುದು ಒಳ್ಳೆಯ ಪದ್ಧತಿ. ಆಸೆ ಇದ್ದ ಕಣ್ಣು ಒಂದು ಮಿಲಿಮೀಟರನ್ನು ಒಂದೂಕಾಲು ಮಾಡಿಬಿಡುತ್ತದೆ.

ಇಲಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ವಿಸ್ಕಾನ್ಸಿನ್ನಿನಲ್ಲಿ ರಾಸ್‌ವೆಲ್ ಬೌಟ್‌ವೆಲ್, ಬೇಗ ಗಂಟು ಬಂದ ಇಲಿಗಳನ್ನೇ ತಲೆಮಾರು ತಲೆಮಾರು ಆರಿಸಿ ಸಾಕಿ ‘ಸೆಂಕಾರ್’ ಎಂಬ ತಳಿ ಮಾಡಿದ. ಮುಟ್ಟಿದರೆ ಮುನಿ ಎನ್ನುವಂಥ ಚರ್ಮ ಅದರದ್ದು. ಇನ್ನೊಂದು ತುದಿಯಲ್ಲಿ ಸಿ57 ಬ್ಲ್ಯಾಕ್ ಎಂಬ ಕಪ್ಪು ಇಲಿ, ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವುದು. ಟಿಪಿಎಗೆ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಶೋಕಿಗೆ ಇಲಿ ಸಾಕಿ ಮಾರುತ್ತಿದ್ದ ಆ್ಯಬಿ ಲ್ಯಾಥ್ರೋಪ್ ಎಂಬ ಹೆಂಗಸಿನ 57ನೆಯ ನಂಬರಿನ ಹೆಣ್ಣಿಲಿಯಿಂದ ಈ ವಂಶ ಬಂತು. ಬೆಳೆಸಿದವನು ಕ್ಲಾರೆನ್ಸ್ ಕುಕ್ ಲಿಟಲ್. ಈ ಲಿಟಲ್ ಇನ್ನೊಂದು ಕಥೆಯಲ್ಲಿ ಮತ್ತೆ ಬರುತ್ತಾನೆ.

ಆ ಕಥೆ ಸಿಗರೇಟಿನದ್ದು. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಅರ್ನ್‌ಸ್ಟ್ ವೈಂಡರ್, ಎವರ್ಟ್ಸ್ ಗ್ರಹಾಂ, ಅಡೆಲ್ ಕ್ರೋನಿಂಗರ್ ಮೂವರು ಸಿಗರೇಟು ಸೇದುವ ಯಂತ್ರ ಮಾಡಿ, ಹೊಗೆಯ ಟಾರು ಹಿಡಿದು, ಅಸಿಟೋನಿನಲ್ಲಿ ಕರಗಿಸಿ ಇಲಿಗಳ ಬೆನ್ನಿಗೆ ಬಳಿದರು. 1953ರ ವರದಿಯಲ್ಲಿ 44 ಪ್ರತಿಶತ ಇಲಿಗಳಿಗೆ ಕ್ಯಾನ್ಸರ್. ಬರೀ ಅಸಿಟೋನು ಹಚ್ಚಿದ ಇಲಿಗಳಿಗೆ ಒಂದೂ ಇಲ್ಲ. ಆ ಡಿಸೆಂಬರಿನಲ್ಲೇ ಅಮೆರಿಕದ ತಂಬಾಕು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕೂಡಿದರು. 1954ರ ಜನವರಿ 4ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಇಡೀ ಪುಟದ ಹೇಳಿಕೆ ಬಂತು. ಅದರ ಮೊದಲ ವಾಕ್ಯದಲ್ಲೇ ಇಲಿಗಳ ಪ್ರಯೋಗದ ಪ್ರಸ್ತಾಪ. ಆ ಕಂಪನಿಗಳು ಕಟ್ಟಿದ ಸಂಶೋಧನಾ ಸಮಿತಿಗೆ ವೈಜ್ಞಾನಿಕ ನಿರ್ದೇಶಕನಾಗಿ ಬಂದವನು ಲಿಟಲ್. ಇಲಿಗಳನ್ನು ಅವನಷ್ಟು ಬಲ್ಲವರು ಆಗ ವಿರಳ. ವರದಿ ಬರೆದ ಮೂವರಲ್ಲಿ ಗ್ರಹಾಂ, ಒಂದಿಡೀ ಶ್ವಾಸಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು 1933ರಲ್ಲಿ ಮಾಡಿ ಹೆಸರಾದವನು, ದೊಡ್ಡ ಸೇದುಗಾರನಾಗಿದ್ದವನು, 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಸತ್ತ.

ಇಲಿಯ ಬೆನ್ನು ಮನುಷ್ಯನ ಶ್ವಾಸಕೋಶವಲ್ಲ ಎಂಬುದು ಕಂಪನಿಗಳ ವಾದ. ಅರ್ಧ ನಿಜ, ಹಾಗಾಗಿಯೇ ಅದು ಅಷ್ಟು ವರ್ಷ ನಡೆಯಿತು. ಒಂದು ವಸ್ತುವಿನಲ್ಲಿ ಕೇಡು ಇದೆಯೇ ಎಂಬುದನ್ನು ಇಲಿ ಹೇಳುತ್ತದೆ. ನಿಮಗೆ ಎಷ್ಟು ಕೇಡಾಗುತ್ತದೆ ಎಂದು ಹೇಳುವುದಿಲ್ಲ. ಎರಡನೆಯದಕ್ಕೆ ಮನುಷ್ಯರನ್ನೇ ವರ್ಷಾನುಗಟ್ಟಲೆ ಗಮನಿಸಬೇಕು, ಅದನ್ನು ಬ್ರಿಟನ್ನಿನಲ್ಲಿ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು 1951ರಿಂದಲೇ ಮಾಡುತ್ತಿದ್ದರು. ಇಲಿಯನ್ನು ಬಲ್ಲ ಕಸುಬುದಾರರು ಅದರ ಬಾಯಲ್ಲಿ ಇಲ್ಲದ ಮಾತು ಹಾಕುವುದಿಲ್ಲ.

ಒಮ್ಮೊಮ್ಮೆ ಇಲಿ ಕೇಳದ ಪ್ರಶ್ನೆಗೂ ಉತ್ತರಿಸುತ್ತದೆ. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಮುಪ್ಪಿನಿಂದಲೋ, ಅಷ್ಟು ವರ್ಷ ಕೊಳೆ ತಾಗಿದ್ದರಿಂದಲೋ? 1975ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ರಿಚರ್ಡ್ ಪೀಟೋ, ಫ್ರಾನ್ಸಿಸ್ ರೋ ಮೊದಲಾದವರು ಕೆಲವು ಇಲಿಗಳಿಗೆ 10ನೆಯ ವಾರದಲ್ಲಿ, ಉಳಿದವಕ್ಕೆ 25, 40, 55ನೆಯ ವಾರದಲ್ಲಿ ಬೆಂಜೊಪೈರೀನ್ ಬಳಿಯಲು ಶುರುಮಾಡಿದರು. ಮುದಿ ಇಲಿಗೂ ಎಳೆಯ ಇಲಿಗೂ ವ್ಯತ್ಯಾಸ ಬರಲಿಲ್ಲ. ಬಳಿಯಲು ಶುರುಮಾಡಿ ಎಷ್ಟು ಕಾಲವಾಯಿತು ಎಂಬುದೊಂದೇ ಲೆಕ್ಕಕ್ಕೆ ಬಂದದ್ದು. ಇಂಥ ಸರಳ ಯೋಚನೆ ಹೊಳೆಯುವುದಕ್ಕೆ ಬುದ್ಧಿ ಬೇಕು, ಆಮೇಲೆ ನೂರಾರು ಇಲಿಗಳಿಗೆ ಅವು ಸಾಯುವ ತನಕ ತಪ್ಪದೆ ಬಳಿಯುವುದಕ್ಕೆ ಇನ್ನೊಂದು ಥರದ ಬುದ್ಧಿ ಬೇಕು.

ನಮ್ಮ ಮನೆಗಳಿಗೂ ಈ ಬೆನ್ನಿನಿಂದ ಒಂದು ಸುದ್ದಿ ಬಂದಿದೆ. ಅರಿಸಿನ ಕ್ಯಾನ್ಸರ್ ತಡೆಯುತ್ತದೆ ಎಂದು ವಾಟ್ಸ್ಆ್ಯಪಿನಲ್ಲಿ ಓಡಾಡುವ ಮಾತಿನ ಬೇರುಗಳಲ್ಲಿ ಒಂದು, 1988ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಅಲನ್ ಕಾನಿ ಮತ್ತು ಸಂಗಡಿಗರು ಮಾಡಿದ ಪ್ರಯೋಗ. ಟಿಪಿಎ ಜೊತೆಗೆ ಅರಿಸಿನದ ಕರ್ಕ್ಯುಮಿನ್ನನ್ನೂ ಬಳಿದರೆ ಇಲಿಯ ಬೆನ್ನಿನ ಗಂಟುಗಳು ಬಹಳ ಕಡಿಮೆಯಾದವು. ಬಿತ್ತಿದ ಚರ್ಮದ ಮೇಲೆ ನೇರವಾಗಿ ಬಳಿದದ್ದು ಅದು. ಸಾರಿನಲ್ಲಿ ತಿಂದ ಅರಿಸಿನ ರಕ್ತಕ್ಕೆ ಸೇರುವುದು ತೀರ ಅಲ್ಪ. ಬಳಿದರೆ ಗಂಟು ಕಡಿಮೆ ಎಂದಷ್ಟೇ ಇಲಿ ಹೇಳಿದ್ದು. ತಿಂದರೆ ಕ್ಯಾನ್ಸರ್ ತಡೆಯುತ್ತದೆ ಎಂಬುದನ್ನು ನಾವೇ ಸೇರಿಸಿಕೊಂಡೆವು.

ಅದೇ ಕಾನಿಯ ಪ್ರಯೋಗಾಲಯದಿಂದ 2009ರಲ್ಲಿ ಬಂದ ವರದಿ ನನಗೆ ಇನ್ನೂ ಇಷ್ಟ. ಅತಿನೇರಳೆ ಬೆಳಕಿಗೆ ಒಡ್ಡಿದ ಕೂದಲಿಲ್ಲದ ಇಲಿಗಳ ಮೇಲೆ ಕೆಫೀನನ್ನು ಪರೀಕ್ಷಿಸಲು ಅವರಿಗೆ ಅದನ್ನು ಕಲಸುವ ಒಂದು ಕ್ರೀಮ್ ಬೇಕಿತ್ತು. ಮದ್ದಿಲ್ಲದ ಬರೀ ಕ್ರೀಮ್ ಏನು ಮಾಡುತ್ತದೆಂದು ನೋಡುವುದು ಈ ಕಸುಬಿನ ಅಭ್ಯಾಸ, ನೋಡಿದರು. ಅಂಗಡಿಯಲ್ಲಿ ಸಿಗುವ ನಾಲ್ಕು ಕ್ರೀಮುಗಳು ಆ ಇಲಿಗಳಲ್ಲಿ ಗಂಟುಗಳನ್ನು ಹೆಚ್ಚಿಸಿದವು. ಇಲಿಯ ಮೇಲ್ಚರ್ಮ ಎರಡು ಮೂರು ಪದರದಷ್ಟೇ, ನಮ್ಮದು ಅದಕ್ಕಿಂತ ಎಷ್ಟೋ ದಪ್ಪ, ಇದನ್ನೋದಿ ಕ್ರೀಮ್ ಎಸೆಯಬೇಕಿಲ್ಲ. ಆದರೆ ಹೋಲಿಕೆಗೆಂದು ಇಟ್ಟ ಗುಂಪನ್ನು ಅಷ್ಟು ಗಂಭೀರವಾಗಿ ಎಣಿಸದಿದ್ದರೆ ಪಾತ್ರೆಯ ತಪ್ಪು ಪಾಯಸದ ಮೇಲೆ ಹೋಗುತ್ತಿತ್ತು.

ಈ ವಿಧಾನದ ಕಾಲ ಈಗ ಇಳಿಮುಖ. ಹಿಂದೆ ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ಯಂತ್ರದ ಎಣ್ಣೆ ಸಿಡಿದು ನೂಲುವವರಿಗೆ ಚರ್ಮದ ಕ್ಯಾನ್ಸರ್ ಬರುತ್ತಿದ್ದಾಗ ಯಾವ ಎಣ್ಣೆ ಕೆಟ್ಟದ್ದೆಂದು ಆರಿಸಿದ್ದು ಮ್ಯಾಂಚೆಸ್ಟರಿನಲ್ಲಿ ಟ್ವೋರ್ಟ್ ದಂಪತಿ ಇಲಿಗಳಿಗೆ ಬಳಿದು ಮಾಡಿದ ಪರೀಕ್ಷೆಗಳಿಂದ. 1953ರಲ್ಲಿ ಬ್ರಿಟನ್ ಆ ಯಂತ್ರಗಳಿಗೆ ಹಾಕುವ ಎಣ್ಣೆಗೆ ನಿಯಮ ತಂದಿತು. ಇವತ್ತು ಅಂಥ ಎಣ್ಣೆಯನ್ನು ಇಲಿಗೆ ಹಚ್ಚದೆ, ಅದರಿಂದ ಬೇರ್ಪಡುವ ಒಂದು ಬಗೆಯ ಅಂಶ 3 ಪ್ರತಿಶತಕ್ಕಿಂತ ಕಡಿಮೆಯೇ ಎಂದು ಕೊಳವೆಯಲ್ಲೇ ಅಳೆಯುತ್ತಾರೆ. ಆ 3ರ ಗೆರೆ ಎಳೆದದ್ದು ಹಿಂದೆ ಬಳಿಸಿಕೊಂಡ ಸಾವಿರಾರು ಬೆನ್ನುಗಳ ಲೆಕ್ಕದಿಂದ. ಬ್ರೂಸ್ ಏಮ್ಸ್‌ನ ಬ್ಯಾಕ್ಟೀರಿಯಾ ಪರೀಕ್ಷೆ 1970ರ ದಶಕದಿಂದ ಎಷ್ಟೋ ಇಲಿಗಳನ್ನು ಉಳಿಸಿದೆ. ಭಾರತದಲ್ಲಿ 2014ರಿಂದ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಹಾಗಿಲ್ಲ, ಹಾಗೆ ಪರೀಕ್ಷಿಸಿದ್ದನ್ನು ತರಿಸುವ ಹಾಗೂ ಇಲ್ಲ. ಲಿಪ್‌ಸ್ಟಿಕ್ಕಿಗೆ ಇಲಿಯ ಬೆನ್ನು ಬೇಕಿಲ್ಲ ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಉಳಿದ ಪ್ರಯೋಗಗಳಿಗೂ ಮೊದಲೇ ಒಂದು ಗಡಿ ಬರೆದಿಟ್ಟಿರುತ್ತಾರೆ: ಗಂಟು ಇಷ್ಟು ದೊಡ್ಡದಾದರೆ, ಹುಣ್ಣಾದರೆ, ಇಲಿ ಮೇವು ಬಿಟ್ಟರೆ, ಅದರ ಪಾಲಿನ ಪ್ರಯೋಗ ಅವತ್ತಿಗೆ ಮುಗಿಯಿತು. ಲೆಕ್ಕ ಪೂರ್ತಿಯಾಗಲಿಲ್ಲ ಎಂದು ಅದನ್ನು ನೋವಿನಲ್ಲಿ ಇಡುವ ಹಾಗಿಲ್ಲ.

ಕೊನೆಯ ಕೆಲಸ ಸೂಕ್ಷ್ಮದರ್ಶಕದ್ದು. ಚರ್ಮವನ್ನು ಫಾರ್ಮಲಿನ್ನಿನಲ್ಲಿ ಹಾಕಿ, ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು ತೆಳ್ಳಗೆ ಕೊಯ್ದು, ನೇರಳೆ–ಗುಲಾಬಿ ಬಣ್ಣ ಕೊಡುತ್ತಾರೆ. ಹೊರಗೆ ದೊಡ್ಡದಾಗಿ ಕಂಡ ಗಂಟು ಒಳಗೆ ನಿರುಪದ್ರವಿಯಾಗಿರಬಹುದು, ಚಪ್ಪಟೆಯಾಗಿ ಕಂಡದ್ದು ಕ್ಯಾನ್ಸರ್ ಆಗಿರಬಹುದು. ಹಸುವಿನ ಮೈಮೇಲೆ ನೊಣ ಕೂತರೆ ಅಷ್ಟು ಜಾಗದ ತೊಗಲು ಮಾತ್ರ ನಡುಗುತ್ತದಲ್ಲ, ಅದನ್ನು ನಡುಗಿಸುವ ತೆಳು ಸ್ನಾಯುವಿನ ಹಾಸು ಇಲಿಯ ಚರ್ಮದಡಿಯೂ ಇದೆ. ಗಂಟಿನ ಕೋಶಗಳು ಬೇಲಿ ಹಾರಿ ಆ ಹಾಸಿನೊಳಕ್ಕೆ ನುಗ್ಗಿವೆಯೇ ಎಂದು ತಜ್ಞರು ಹುಡುಕುತ್ತಾರೆ. ನುಗ್ಗಿದ್ದರೆ ಕ್ಯಾನ್ಸರ್. ಇಲ್ಲದಿದ್ದರೆ ಅದು ನರಹುಲಿಯಾಗಿಯೇ ದಾಖಲೆಗೆ ಹೋಗುತ್ತದೆ, ಇಪ್ಪತ್ತು ವಾರ ಬಳಿದವರಿಗೆ ಎಷ್ಟೇ ಬೇಸರವಾದರೂ.

ಬರೀ ಅಸಿಟೋನು ಹಚ್ಚಿಸಿಕೊಂಡ ಇಲಿಗಳ ಚರ್ಮವೂ ಅದೇ ಮೇಣಕ್ಕೆ, ಅದೇ ಬಣ್ಣಕ್ಕೆ, ಅದೇ ಗಾಜಿನ ಮೇಲೆ ಬರುತ್ತದೆ. ಬೆನ್ನಿನ ಚಿತ್ರವಿರುವ ಅವುಗಳ ಹಾಳೆಗಳಲ್ಲಿ ವಾರ ವಾರವೂ ತಾರೀಖು ಹಾಕಿ, ಒಂದೂ ಚುಕ್ಕೆ ಇಡದೆ, ಕೆಳಗೆ ಎಣಿಸಿದವರು ಸಹಿ ಮಾಡಿರುತ್ತಾರೆ.